ಇಲ್ಲದ ಕಾರು, ಕಳೆದುಹೋದ ಸ್ಕೂಟರು: ವಾಹನ ದಾಖಲೆಯ ಅಧಿಕಾರಿಗಳಿಗೆ ಒಬ್ಬ ದರ್ಜಿಯ ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲೆಯಲ್ಲಿ ವಾಹನಗಳ ದಾಖಲೆ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳಿಗೆ,

ನಮಸ್ಕಾರಗಳು.

ನಾನು ಗಂಗಾವಳಿ ಹೊಳೆ ಪಕ್ಕದ ಒಂದು ಊರಿನ ದರ್ಜಿ. ಹೆದ್ದಾರಿ ಬದಿಯಲ್ಲಿ ಎರಡು ಮೆಷಿನ್ ಇರುವ ಸಣ್ಣ ಅಂಗಡಿ ನನ್ನದು. ಪತ್ರ ಬರೆದು ರೂಢಿ ಇರಲಿಲ್ಲ. ಈ ಒಂದೂವರೆ ವರ್ಷದಲ್ಲಿ ಅರ್ಜಿ ಬರೆದು ಬರೆದು ಸ್ವಲ್ಪ ರೂಢಿಯಾಗಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಯಾವ ಕಚೇರಿ, ಯಾವ ಕಿಟಕಿ, ಒಳಗೆ ಯಾರು ಕೂತಿದ್ದರು ಅಂತ ಇಲ್ಲಿ ಬರೆಯುವುದಿಲ್ಲ. ನಮ್ಮ ಜಿಲ್ಲೆಯ ಗಾಡಿಗಳಿಗೆ ಕಾರವಾರದ 30, ಶಿರಸಿಯ 31, ಹೊನ್ನಾವರದ 47, ದಾಂಡೇಲಿಯ 65 ಅಂತ ನಾಲ್ಕು ಸಂಖ್ಯೆ ಇವೆ. ಅದರಲ್ಲಿ ನನ್ನದು ಯಾವುದು ಅನ್ನುವುದು ನಾನು ಕೊಟ್ಟ ಐದೂ ಅರ್ಜಿಗಳಲ್ಲಿ ಇದೆ. ಒಬ್ಬ ಗುಮಾಸ್ತರ ಮರ್ಯಾದೆ ತೆಗೆಯಲು ನಾನು ಕೂತಿಲ್ಲ. ಅವರ ಮೇಜಿನ ಮೇಲಿನ ಫೈಲಿನ ರಾಶಿ ನಾನೂ ನೋಡಿದ್ದೇನೆ.

ನನ್ನ ದೂರು ಎರಡು ಸಾಲಿನದು. ನನ್ನ ಹತ್ತಿರ ಒಂದು ಸ್ಕೂಟರ್ ಇದೆ, ಸರ್ಕಾರದ ದಾಖಲೆ ಪ್ರಕಾರ ಅದು ಇಲ್ಲ. ನನ್ನ ಹತ್ತಿರ ಕಾರಿಲ್ಲ, ಸರ್ಕಾರದ ದಾಖಲೆ ಪ್ರಕಾರ ಇದೆ.

ಸ್ಕೂಟರ್ ತಗೊಂಡಿದ್ದು 2004ರ ಜುಲೈನಲ್ಲಿ. ಆಗಿನ್ನೂ ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ಪುಸ್ತಕದ ರೂಪದಲ್ಲಿತ್ತು. ನಂಬರಿನ ನಡುವೆ ಇಂಗ್ಲಿಷಿನ ಎಲ್ ಅಕ್ಷರ, ಮುಂದೆ ನಾಲ್ಕು ಅಂಕೆ. ಹದಿನೈದು ವರ್ಷ ತುಂಬಿದ ಮೇಲೆ 2019ರಲ್ಲಿ ನವೀಕರಣ ಮಾಡಿಸಿದೆ. ಆಗ ಶುಲ್ಕ 300 ರೂಪಾಯಿ. ಇನ್ನೈದು ವರ್ಷ ಓಡಿಸಿ ಅಂತ ಮುದ್ರೆ ಒತ್ತಿ ಕೊಟ್ಟರು. ಫೋನ್ ನಂಬರನ್ನೂ ಬರೆದುಕೊಂಡರು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು.

2024ರ ಜನವರಿಯಲ್ಲಿ ಫೋನಿಗೆ ಒಂದು ಸಂದೇಶ ಬಂತು. ಘಟ್ಟದ ಮೇಲಿನ ಒಂದು ದೊಡ್ಡ ಊರಿನಲ್ಲಿ ನಾನು ಸೀಟ್ ಬೆಲ್ಟ್ ಹಾಕದೆ ಗಾಡಿ ಓಡಿಸಿದ್ದೇನಂತೆ. ದಂಡ 500 ರೂಪಾಯಿ. ನಾನು ನಕ್ಕುಬಿಟ್ಟೆ. ಸ್ಕೂಟರಿಗೆ ಸೀಟ್ ಬೆಲ್ಟ್ ಎಲ್ಲಿಂದ ಬರಬೇಕು? ಬೇಕಾದರೆ ನಾನೇ ಒಂದು ಹೊಲಿದುಕೊಳ್ಳಬೇಕು ಅಂತ ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಮೋಸದ ಸಂದೇಶಗಳು ಬರುವ ಕಾಲ, ಅಂಥದ್ದೇ ಒಂದು ಅಂದುಕೊಂಡು ಸುಮ್ಮನಾದೆ. ಮಾರ್ಚ್ ಮುಗಿಯುವುದರೊಳಗೆ ಇನ್ನೆರಡು ಬಂದವು. ಒಂದು ಮತ್ತೆ ಸೀಟ್ ಬೆಲ್ಟ್, ಒಂದು ಅತಿವೇಗ. ಒಟ್ಟು 2000 ರೂಪಾಯಿ. ಮೂರನೆಯದರ ಜೊತೆ ಫೋಟೋ ಇತ್ತು. ಬೆಳ್ಳಿ ಬಣ್ಣದ ಹಳೇ ಕಾರು. ನಂಬರ್ ಫಲಕ ಸ್ಪಷ್ಟವಾಗಿ ಕಾಣುತ್ತಿತ್ತು. ಜಿಲ್ಲೆಯ ಸಂಖ್ಯೆ ನನ್ನದೇ, ಕೊನೆಯ ನಾಲ್ಕು ಅಂಕೆಯೂ ನನ್ನದೇ. ನಡುವಿನ ಅಕ್ಷರ ಮಾತ್ರ ಎನ್.

ಕ್ಯಾಮೆರಾದ ಚಲನ್ನಿಗೆ ನಿಯಮ ಇದೆ ಅಂತ ಆಮೇಲೆ ತಿಳಿಯಿತು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 167ಎ ಅಂತ ಒಂದು, 2021ರ ಆಗಸ್ಟ್‌ನಲ್ಲಿ ಸೇರಿಸಿದ್ದು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಹೋಗಬೇಕು ಅಂತ ಆಗ ಅದರಲ್ಲಿತ್ತು. ನನ್ನ ಮೊದಲನೆಯದು ಬಂದಿದ್ದು ನಲವತ್ತು ದಿನದ ಮೇಲೆ. ಅದನ್ನು ಹಿಡಿದು ಜಗಳ ಮಾಡುವುದಿಲ್ಲ. ಕ್ಯಾಮೆರಾ ಕಂಡಿದ್ದನ್ನು ಹಿಡಿದಿದೆ. ಈ ಕಾರು ಯಾರದು ಅಂತ ಪೊಲೀಸರು ಕಂಪ್ಯೂಟರನ್ನು ಕೇಳಿದ್ದಾರೆ. ಕಂಪ್ಯೂಟರ್ ನನ್ನ ಹೆಸರು ಹೇಳಿದೆ.

ಯಾಕೆ ಹೇಳಿತು? ಇದನ್ನು ಪತ್ತೆ ಮಾಡಲು ನನಗೆ ಒಂದು ವರ್ಷ ಹಿಡಿಯಿತು.

ಸ್ಕೂಟರಿನ ನವೀಕರಣದ ಗಡುವು 2024ರ ಜುಲೈ. ಗಡುವಿಗೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಬಹುದಿತ್ತು. ಹಾಕಲಿಲ್ಲ, ಅದು ನನ್ನದೇ ತಪ್ಪು. ಮೇ, ಜೂನ್ ಅಂದರೆ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಸಮಯ, ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಜುಲೈನಲ್ಲಿ ಹೋಗೋಣ ಅಂತಿದ್ದೆ. 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆ ದಿನಗಳನ್ನು ನಮ್ಮ ಕಡೆಯವರಿಗೆ ವಿವರಿಸುವುದು ಬೇಡ. ಹೊಳೆಗೆ ಹೋದವರನ್ನು ಹುಡುಕುತ್ತಿರುವಾಗ ಆರ್‌ಸಿ ನವೀಕರಣದ ನೆನಪು ಯಾರಿಗೆ ಬರುತ್ತದೆ? ಹೆದ್ದಾರಿ ಮುಚ್ಚಿತ್ತು. ಯಾವ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಹೇಳುವಂತಿರಲಿಲ್ಲ.

ಆಗಸ್ಟ್‌ನಲ್ಲಿ ಸೈಬರ್ ಅಂಗಡಿಗೆ ಹೋದೆ. ಹುಡುಗ ನನ್ನ ನಂಬರ್ ಒತ್ತಿದ. ‘ಮಾವ, ಈ ನಂಬರಿನ ಗಾಡಿಯೇ ಇಲ್ಲ’ ಅಂದ. ಗಾಡಿ ಹೊರಗೆ ನಿಂತಿತ್ತು, ಅದರ ಮೇಲೇ ಬಂದಿದ್ದೆ. ಮತ್ತೆ ಒತ್ತಿದ. ಇಲ್ಲ. ಕೊನೆಗೆ ಎಲ್ ಬದಲು ಎನ್ ಹಾಕಿ ನೋಡು ಅಂದೆ, ಆ ಫೋಟೋ ನೆನಪಾಗಿ. ಹಾಕಿದ. ನನ್ನ ಹೆಸರು, ನನ್ನ ತಂದೆಯ ಹೆಸರು, ನನ್ನ ಊರು, ನನ್ನ ನೋಂದಣಿಯ ತಾರೀಖು ಎಲ್ಲ ಸರಿಯಾಗಿ ಬಂತು. ವಾಹನದ ಬಗೆ ಅನ್ನುವ ಜಾಗದಲ್ಲಿ ಮೋಟಾರ್ ಕಾರು ಅಂತಿತ್ತು.

ಕಚೇರಿಗೆ ಹೋದೆ. ಕಿಟಕಿಯಲ್ಲಿ ಇದ್ದವರು ತಾಳ್ಮೆಯಿಂದಲೇ ನೋಡಿದರು. ‘ನಿಮ್ಮ ಹೆಸರಲ್ಲಿ ಇರೋದು ಕಾರು. ನವೀಕರಣಕ್ಕೆ 5000. ತಡ ಆಗಿದ್ದಕ್ಕೆ ತಿಂಗಳಿಗೆ 500 ಬೇರೆ’ ಅಂದರು. ದ್ವಿಚಕ್ರಕ್ಕೆ 2022ರ ಏಪ್ರಿಲ್‌ನಿಂದ 1000 ರೂಪಾಯಿ, ತಡವಾದರೆ ತಿಂಗಳಿಗೆ 300. ಸರ್, ನನ್ನದು ಸ್ಕೂಟರ್ ಅಂದೆ. ‘ಇರಬಹುದು. ಆದರೆ ಇಲ್ಲಿ ಇಲ್ಲವಲ್ಲ’ ಅಂದರು. ತಿದ್ದಿ ಕೊಡಿ ಅಂದೆ. ತಿದ್ದುವ ಅಧಿಕಾರ ತಮ್ಮ ಕೈಯಲ್ಲಿ ಇಲ್ಲ, ಮೇಲಕ್ಕೆ ಬರೆಯಬೇಕು, ಅರ್ಜಿ ಕೊಟ್ಟು ಹೋಗಿ ಅಂದರು. ಕೊಟ್ಟೆ. ಸಕಾಲದ ಸಂಖ್ಯೆ ಕೇಳಿದೆ. ದಾಖಲೆ ತಿದ್ದುಪಡಿಗೆ ಸಕಾಲ ಬರುವುದಿಲ್ಲ ಅಂದರು.

ಸಕಾಲದ ಕಾಯ್ದೆ 2011ರದ್ದು. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಜಾಸ್ತಿ ಅಂದರೆ 500 ರೂಪಾಯಿ ಪರಿಹಾರ ಕೊಡಬೇಕು ಅಂತ ಅದರಲ್ಲಿದೆ. ಆ ದುಡ್ಡು ನನಗೆ ಬೇಡ. ಆದರೆ ದಿನಕ್ಕೆ 20 ರೂಪಾಯಿ ಹೋಗುತ್ತದೆ ಅಂತಾದರೆ ಫೈಲು ಮೇಜಿನ ಮೇಲೆ ಸ್ವಲ್ಪ ಚುರುಕಾಗುತ್ತಿತ್ತೋ ಏನೋ. ಹೊಸ ತಪ್ಪು ಮಾಡಲು ಗಡುವು ಬೇಕಿಲ್ಲ, ಹಳೇ ತಪ್ಪು ತಿದ್ದಲೂ ಗಡುವಿಲ್ಲ ಅಂದರೆ ಹೇಗೆ ಸ್ವಾಮಿ?

ಅಲ್ಲಿಂದ ಮುಂದೆ ಒಂದೊಂದೇ ಬಾಗಿಲು ಮುಚ್ಚಿತು. ಹೊಗೆ ತಪಾಸಣೆಯವರು ನಂಬರ್ ಹಾಕಿದರೆ ಗಾಡಿ ಬರುತ್ತಿಲ್ಲ ಅಂದರು. ವಿಮೆಯ ಏಜೆಂಟರು ಕೈ ಚೆಲ್ಲಿದರು. ಆರ್‌ಸಿ ಇಲ್ಲ, ವಿಮೆ ಇಲ್ಲ, ಹೊಗೆ ಪತ್ರ ಇಲ್ಲ. ಅಂದಿನಿಂದ ಸ್ಕೂಟರ್ ಅಂಗಡಿಯ ಹಿಂದೆ ಹಳೇ ಪರದೆ ಬಟ್ಟೆ ಹೊದ್ದು ಕೂತಿದೆ. ನಾನು ಸೈಕಲ್ ಹತ್ತಿದ್ದೇನೆ. ವಯಸ್ಸಿಗೆ ಒಳ್ಳೆಯದು ಅಂತ ಮನೆಯವಳು ಹೇಳುತ್ತಾಳೆ. ಸೈಕಲ್ ತುಳಿಯುವವಳು ಅವಳಲ್ಲವಲ್ಲ.

2025ರ ಫೆಬ್ರವರಿಯಲ್ಲಿ ಕಚೇರಿಯಿಂದ ಫೋನ್ ಬಂತು. ಗಾಡಿ ತಂದು ತೋರಿಸಬೇಕು, ಚೆಸಿ ನಂಬರ್ ನೋಡಬೇಕು ಅಂತ. ಖುಷಿಯಾಯಿತು. ಆಮೇಲೆ ಹೊಳೆಯಿತು. ದಾಖಲೆ ಇಲ್ಲದ ಗಾಡಿ ಓಡಿಸಿಕೊಂಡು ಹೋದರೆ ದಾರಿಯಲ್ಲಿ ಹಿಡಿಯುತ್ತಾರೆ. ಓಡಿಸದೆ ತೋರಿಸುವುದು ಹೇಗೆ? ಕೊನೆಗೆ ಮೀನಿನ ಬಾಕ್ಸ್ ಸಾಗಿಸುವ ಟೆಂಪೋದವನಿಗೆ 1200 ರೂಪಾಯಿ ಕೊಟ್ಟು ಅದರ ಮೇಲೆ ಹೇರಿಕೊಂಡು ಹೋದೆ. ಐಸ್ ನೀರು ಸೋರಿ ನನ್ನ ಪ್ಯಾಂಟೆಲ್ಲ ಬಂಗಡೆ ವಾಸನೆ. ಇನ್‌ಸ್ಪೆಕ್ಟರ್ ಹೊರಗೆ ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ‘ಇದು ಸ್ಕೂಟರ್’ ಅಂದರು.

‘ಹೌದು ಸರ್. ನಾನೂ ಆರು ತಿಂಗಳಿಂದ ಅದನ್ನೇ ಹೇಳ್ತಾ ಇದ್ದೇನೆ.’

ಅವರೂ ನಕ್ಕರು. ಒಳ್ಳೆಯ ಮನುಷ್ಯ. ಚೆಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ವರದಿ ಕಳಿಸುತ್ತೇನೆ ಅಂದರು. ಕಳಿಸಿದ್ದಾರೆ ಅಂತಲೇ ನಂಬಿದ್ದೇನೆ. ಆ ವರದಿ ಮುಂದೆ ಎಲ್ಲಿ ನಿಂತಿದೆ ಅಂತ ಯಾರೂ ಹೇಳುತ್ತಿಲ್ಲ.

ನಂತರ ಒಬ್ಬ ವಕೀಲರು, ನಮ್ಮ ಗಿರಾಕಿ, ಒಂದು ದಾರಿ ಹೇಳಿಕೊಟ್ಟರು. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, ಬಿ ರಿಜಿಸ್ಟರಿನ, ಅಂದರೆ ಕಚೇರಿಯ ಹಳೇ ನೋಂದಣಿ ಪುಸ್ತಕದ, ಪ್ರತಿ ತೆಗೆಸಿ ಅಂತ. ಬಿ ಎಕ್ಸ್‌ಟ್ರಾಕ್ಟ್ ಅನ್ನುತ್ತಾರಲ್ಲ, ಅದು. ಇದಕ್ಕೆ ಮಾತ್ರ ಕಚೇರಿಗೆ ಕೈ ಮುಗಿಯಬೇಕು. ಮೂವತ್ತು ದಿನದ ಗಡುವಿನ ಒಳಗೇ, ಇಪ್ಪತ್ತಾರನೇ ದಿನಕ್ಕೆ ಕೊಟ್ಟರು. ನೋಡಿದರೆ 2004ರಲ್ಲಿ ಕೈಯಲ್ಲಿ ಬರೆದ ಪುಟ ಕನ್ನಡಿಯಂತಿದೆ. ನನ್ನ ಹೆಸರಿನ ಎದುರು ಎಲ್. ಸ್ಕೂಟರ್. ಚೆಸಿ ನಂಬರ್ ಅಕ್ಷರ ಅಕ್ಷರ ಸರಿ. ಅಂದರೆ ಪುಸ್ತಕ ತಪ್ಪಿಲ್ಲ. ಪುಸ್ತಕದಲ್ಲಿದ್ದದ್ದನ್ನು ಕಂಪ್ಯೂಟರಿಗೆ ಏರಿಸುವಾಗ ತಪ್ಪಿದೆ. ಒಬ್ಬರು ಓದಿದ್ದಾರೆ, ಇನ್ನೊಬ್ಬರು ಒತ್ತಿದ್ದಾರೆ ಅಂತ ನನ್ನ ಊಹೆ. ನಮ್ಮ ಕರಾವಳಿಯ ಆಷಾಢದ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಕೂತರೆ ಎಲ್ ಅಂದಿದ್ದು ಎನ್ ಅಂತ ಕೇಳುವುದು ದೊಡ್ಡ ಮಾತಲ್ಲ. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ.

ಆದರೆ ನನ್ನ ಕಸುಬಿನ ಒಂದು ಮಾತು ಹೇಳಲೇಬೇಕು. ನನ್ನ ಹತ್ತಿರವೂ ಒಂದು ರಿಜಿಸ್ಟರ್ ಇದೆ, ಅಳತೆ ಪುಸ್ತಕ. ಒಂದು ಪುಟದ ಅಳತೆ ಇನ್ನೊಂದು ಪುಟಕ್ಕೆ ಹೋಗಿ ಬಟ್ಟೆ ಕೆಟ್ಟಿದ್ದು ಈ ಮೂವತ್ತು ವರ್ಷದಲ್ಲಿ ಮೂರು ನಾಲ್ಕು ಸಲ ಆಗಿದೆ. ಒಮ್ಮೆ ಮದುಮಗಳ ರವಿಕೆಯನ್ನು ಅವಳ ಅತ್ತಿಗೆಯ ಅಳತೆಗೆ ಕತ್ತರಿಸಿಬಿಟ್ಟಿದ್ದೆ. ಆ ರಾತ್ರಿಯೇ ಹೋಗಿ ಅದೇ ಬಣ್ಣದ ಬಟ್ಟೆ ತಂದು, ಬೆಳಗಿನ ಜಾವದವರೆಗೆ ಹೊಲಿದು ಕೊಟ್ಟೆ. ಬಟ್ಟೆ ದುಡ್ಡು ನನ್ನದು, ಹೊಲಿಗೆ ದುಡ್ಡು ಕೇಳಲಿಲ್ಲ. ‘ನಿನ್ನ ಮೈ ಅಳತೆ ನಿನ್ನದೇ ಅಂತ ಸಾಬೀತು ಮಾಡು, ಹನ್ನೊಂದು ಸಲ ಅಂಗಡಿಗೆ ಬಾ’ ಅಂತ ಆ ಹುಡುಗಿಗೆ ಹೇಳಿದ್ದರೆ ಊರಲ್ಲಿ ನನ್ನ ಅಂಗಡಿ ಇರುತ್ತಿತ್ತೇ?

ನಾನು ಹನ್ನೊಂದು ಸಲ ಬಂದಿದ್ದೇನೆ. ದಿನಕ್ಕೆ 600 ರೂಪಾಯಿ ದುಡಿಮೆ ಅಂತ ಹಿಡಿದರೂ 6600 ಆಯಿತು. ಬಸ್ಸು, ಟೆಂಪೋ, ಜೆರಾಕ್ಸ್ ಲೆಕ್ಕ ಬೇರೆ.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. 2025ರ ಜೂನ್‌ನಲ್ಲಿ ರೇಷನ್ನಿಗೆ ಹೋದಾಗ ಮನೆಯವಳ ಹೆಬ್ಬೆಟ್ಟು ಒತ್ತಿಸಿಕೊಂಡು ಅಂಗಡಿಯವರು ಮುಖ ನೋಡಿದರು. ‘ನಿಮ್ಮ ಕಾರ್ಡು ಎಪಿಎಲ್‌ಗೆ ಹೋಗಿದೆ ಅಕ್ಕ. ನಿಮ್ಮ ಮನೇಲಿ ಕಾರು ಇದೆಯಂತೆ.’ ಸಾಲಿನಲ್ಲಿ ಹಿಂದೆ ಇಪ್ಪತ್ತು ಜನ. ಸ್ವಂತ ಬಳಕೆಯ ನಾಲ್ಕು ಚಕ್ರದ ಗಾಡಿ ಇರುವ ಮನೆಗೆ ಬಿಪಿಎಲ್ ಕಾರ್ಡ್ ಇಲ್ಲ, ಹೊಟ್ಟೆಪಾಡಿಗೆ ಓಡಿಸುವ ಟ್ಯಾಕ್ಸಿ, ಟ್ರ್ಯಾಕ್ಟರಿಗೆ ಮಾತ್ರ ವಿನಾಯಿತಿ ಅನ್ನುವ ನಿಯಮ ನನಗೂ ಗೊತ್ತು. ಒಳ್ಳೆಯ ನಿಯಮವೇ. ಆದರೆ ಖಾಲಿ ಚೀಲ ಮಡಚಿಕೊಂಡು ಅವಳು ಮನೆಗೆ ಬಂದ ದಿನ ನನಗೆ ನಗು ಬರಲಿಲ್ಲ. ಅಷ್ಟು ದಿನ ‘ಕಾರ್ ಬಂದ್ರೆ ಮುರ್ಡೇಶ್ವರಕ್ಕೆ ಕರ್ಕೊಂಡು ಹೋಗಿ’ ಅಂತ ಅವಳೇ ತಮಾಷೆ ಮಾಡುತ್ತಿದ್ದಳು. ಆಮೇಲೆ ಆ ತಮಾಷೆ ನಿಂತಿತು. ಓಣಿಯಲ್ಲಿ ಕೆಲವರು ನಿಜಕ್ಕೂ ಅನುಮಾನದಿಂದ ನೋಡಿದರು. ಯಾರದೋ ಕಾರಿಗೆ ಇವನು ಹೆಸರು ಕೊಟ್ಟಿರಬೇಕು, ಏನೋ ಇದೆ ಅಂತ.

ಆಹಾರ ಇಲಾಖೆಯ ಕಚೇರಿಗೂ ಹೋದೆ. ಸಾರಿಗೆಯ ದಾಖಲೆಯಲ್ಲಿ ಕಾರಿದೆ, ಅಲ್ಲಿ ತೆಗೆಸಿಕೊಂಡು ಬನ್ನಿ ಅಂದರು. ಅವರು ಹೇಳಿದ್ದೂ ಸರಿಯೇ. ಈ ಇಡೀ ಕಥೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಕುರ್ಚಿಯಲ್ಲಿ ಸರಿಯಾಗಿಯೇ ಇದ್ದಾರೆ. ತಪ್ಪು ಹೋಗುವಾಗ ಮಾತ್ರ ಯಾರನ್ನೂ ಕೇಳದೆ ಒಂದೇ ಗಳಿಗೆಯಲ್ಲಿ ಪೊಲೀಸರ ಕಂಪ್ಯೂಟರಿಗೆ ಹೋಯಿತು, ರೇಷನ್ ಕಂಪ್ಯೂಟರಿಗೆ ಹೋಯಿತು. ತಿದ್ದುಪಡಿಯನ್ನು ಮಾತ್ರ ನಾನೇ ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಬೇಕು.

2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಸರ್ಕಾರ ಬಾಕಿ ಚಲನ್‌ಗಳಿಗೆ ಅರ್ಧ ರಿಯಾಯಿತಿ ಕೊಟ್ಟಿತ್ತು. ಸಾವಿರ ಕಟ್ಟಿ ಕೈ ತೊಳೆದುಕೋ ಅಂತ ಎಲ್ಲರೂ ಹೇಳಿದರು. ಮಾಡದ ತಪ್ಪಿಗೆ ಅರ್ಧ ದಂಡ ಅಂದರೆ ಅರ್ಧ ತಪ್ಪು ಒಪ್ಪಿದ ಹಾಗೆ ಅಲ್ವಾ? ನಾನು ಕಟ್ಟಲಿಲ್ಲ. ಅದೇ ಆಗಸ್ಟ್‌ನಲ್ಲಿ ಇನ್ನೊಂದು ಆಯಿತು. ಇಪ್ಪತ್ತು ವರ್ಷ ದಾಟಿದ ಗಾಡಿಗಳ ನವೀಕರಣ ಶುಲ್ಕವನ್ನು ಕೇಂದ್ರ ಏರಿಸಿತು. ದ್ವಿಚಕ್ರಕ್ಕೆ 2000, ಕಾರಿಗೆ 10,000. ನನ್ನ ಸ್ಕೂಟರ್ ಇಪ್ಪತ್ತು ದಾಟಿದೆ. 2024ರ ಆಗಸ್ಟ್‌ನಲ್ಲೇ ದಾಖಲೆ ಸರಿ ಇದ್ದಿದ್ದರೆ 1000 ರೂಪಾಯಿ ಮತ್ತು ಒಂದು ತಿಂಗಳ 300ಕ್ಕೆ ಮುಗಿಯುತ್ತಿತ್ತು. ಇವತ್ತು ತಾವು ತಿದ್ದಿ ಕೊಟ್ಟರೂ 2000, ಅದರ ಮೇಲೆ ಹದಿನೆಂಟು ತಿಂಗಳ ತಡಕ್ಕೆ 5400. ಸ್ಕೂಟರನ್ನು ಗುಜರಿಗೆ ಹಾಕಿದರೆ ಇಷ್ಟು ಬರುವುದಿಲ್ಲ.

ಇನ್ನು ಆ ಕಾರಿನವರ ವಿಷಯ. ಫೋಟೋದಲ್ಲಿ ಕಾರಿನ ಗಾಜಿನ ಮೇಲೆ ‘ಶ್ರೀ ಮಾರಿಕಾಂಬಾ ಪ್ರಸನ್ನ’ ಅಂತಿತ್ತು. ಹಾಗಿದ್ದರೆ ಶಿರಸಿ ಕಡೆಯವರೇ ಅಂದುಕೊಂಡೆ. ಶಿರಸಿಯಲ್ಲಿರುವ ನಮ್ಮ ಭಾವ ಗ್ಯಾರೇಜುಗಳಲ್ಲಿ ವಿಚಾರಿಸಿ ಪತ್ತೆ ಹಚ್ಚಿದ. ಅಕ್ಟೋಬರ್‌ನಲ್ಲಿ ದೇವಿಮನೆ ಘಟ್ಟ ಹತ್ತಿ ಹೋದೆ. ಜಗಳ ಆಗಬಹುದು ಅಂತ ಭಾವನನ್ನೂ ಜೊತೆಗೆ ಕರೆದುಕೊಂಡೆ. ಅಡಿಕೆ ತೋಟದ ಮನೆ. ವಯಸ್ಸಾದವರೊಬ್ಬರು ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದರು. ನಾನು ಯಾರು ಅಂತ ಹೇಳಿದ ತಕ್ಷಣ ಎದ್ದು ನಿಂತುಬಿಟ್ಟರು.

‘ಅಯ್ಯೋ, ನಮ್ಮ ಕಾರಿನ ಮಾಲೀಕ್ರು ನೀವೇನಾ! ಬನ್ನಿ, ಬನ್ನಿ. ಆಸ್ರಿಗೆ ಏನು ಕುಡೀತ್ರಿ?’

ಅವರದ್ದೂ ಅದೇ ಗೋಳು. 2023ರಿಂದ ಕಾರು ಮಾರಬೇಕು ಅಂತಿದ್ದಾರೆ. ಕೊಳ್ಳುವವರು ನಂಬರ್ ಹಾಕಿ ನೋಡಿದರೆ ಬೇರೆಯವರ ಹೆಸರು. ಕಳ್ಳ ಮಾಲು ಅಂದುಕೊಂಡು ವಾಪಸ್ ಹೋಗುತ್ತಾರೆ. ಅವರೂ ಅರ್ಜಿ ಕೊಟ್ಟಿದ್ದಾರೆ, ಮೂರು. ಕಾರು ಓಡಿಸುವುದು ಊರಿನಿಂದ ದೂರ ಕೆಲಸದಲ್ಲಿರುವ ಅವರ ಮಗ. ಸೀಟ್ ಬೆಲ್ಟ್ ಹಾಕದವನು ಅವನೇ. ಫೋಟೋ ತೋರಿಸಿದೆ. ಅವರಿಗೆ ನಾಚಿಕೆ ಆಯಿತು. ನಾನು ಅಲ್ಲಿ ಕೂತಿರುವಾಗಲೇ ಮಗನಿಗೆ ಫೋನ್ ಮಾಡಿ ಬೈದರು. ಆ ಸಂಜೆಯೇ ಅವನು ಮೂರೂ ಚಲನ್ ಕಟ್ಟಿದ. ರಿಯಾಯಿತಿ ಮುಗಿದಿತ್ತು, ಪೂರ್ತಿ 2000.

ಒಂದು ಭಾರ ಇಳಿಯಿತು ಅಂತ ನವೆಂಬರ್‌ನಲ್ಲಿ ಕಚೇರಿಗೆ ಹೋಗಿ ಹೇಳಿದೆ. ಕಿಟಕಿಯವರು ಕಂಪ್ಯೂಟರ್ ನೋಡಿದರು. ‘ದಂಡ ಕಟ್ಟಿದ್ದೀರಲ್ಲ. ಕಾರು ನಿಮ್ಮದಲ್ಲ ಅಂದ್ರೆ ಯಾಕೆ ಕಟ್ಟಿದ್ರಿ?’

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊರಗೆ ಬಂದು ಚಹಾ ಕುಡಿದೆ.

ಅಲ್ಲೇ ಒಬ್ಬ ಏಜೆಂಟರು ಸುಲಭದ ದಾರಿ ಹೇಳಿದರು. ನಮೂನೆ 29 ಮತ್ತು 30ಕ್ಕೆ ನಾನು ಸಹಿ ಹಾಕಬೇಕು. ಅಂದರೆ ಆ ಕಾರನ್ನು ತೋಟದವರಿಗೆ ಮಾರಿದ್ದೇನೆ ಅಂತ. ಕಾರು ಅವರ ಹೆಸರಿಗೆ ಹೋಗುತ್ತದೆ, ನನ್ನ ರೇಷನ್ ಕಾರ್ಡ್ ವಾಪಸ್ ಬರುತ್ತದೆ, 3000 ಕೊಟ್ಟರೆ ಸಾಕು. ಸತ್ಯ ಹೇಳುತ್ತೇನೆ, ಎರಡು ರಾತ್ರಿ ಇದನ್ನೇ ಯೋಚಿಸಿದೆ. ತೋಟದವರೂ ಅಡ್ಡಿಲ್ಲ ಅಂದಿದ್ದರು. ಆದರೆ ಎಂದೂ ನನ್ನದಲ್ಲದ ಕಾರನ್ನು ಮಾರಿದೆ ಅಂತ ಸಹಿ ಹಾಕಿದರೆ ತಪ್ಪು ದಾಖಲೆಗೆ ನಾನೇ ಗಟ್ಟಿ ಹೊಲಿಗೆ ಹಾಕಿ ಕೊಟ್ಟಂತೆ. ಅಲ್ಲದೆ ನನ್ನ ಸ್ಕೂಟರ್ ಹಾಗೇ ಕಳೆದುಹೋಗಿಯೇ ಇರುತ್ತದೆ. ಬೇಡ ಅಂದೆ.

ನನ್ನ ನಿದ್ದೆ ಕೆಡಿಸಿರುವುದು ದಂಡವೂ ಅಲ್ಲ, ಶುಲ್ಕವೂ ಅಲ್ಲ. ವಕೀಲರು ಒಂದು ವಿಷಯ ಹೇಳಿದರು. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಗಾಡಿ ಕೈಯಿಂದ ಕೈಗೆ ಎಷ್ಟು ಸಲ ಮಾರಾಟವಾಗಿರಲಿ, ಅಪಘಾತದ ದಿನ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದು ಅಂತ. ಗಾಡಿ ಮಾರಿ ವರ್ಗಾವಣೆ ಮಾಡಿಸದೆ ಬಿಟ್ಟವರಿಗೆ ಹೇಳಿದ ಮಾತು ಅದು. ನನ್ನ ಕಥೆ ಬೇರೆ, ಕೋರ್ಟಿನಲ್ಲಿ ಬಿ ಎಕ್ಸ್‌ಟ್ರಾಕ್ಟ್ ತೋರಿಸಿದರೆ ನಾನು ಗೆಲ್ಲಬಹುದು. ಆದರೆ ಅದಕ್ಕೆ ಎಷ್ಟು ವರ್ಷ? ಎಷ್ಟು ದುಡ್ಡು? ನಾಳೆ ಆ ಹುಡುಗ ಯಾರಿಗಾದರೂ ಗುದ್ದಿದರೆ ಮೊದಲ ನೋಟಿಸ್ ಬರುವುದು ಈ ಎರಡು ಮೆಷಿನ್ನಿನ ಅಂಗಡಿಗೆ. ಅವನು ಅತಿವೇಗದಲ್ಲಿ ಓಡಿಸುತ್ತಾನೆ ಅನ್ನುವುದಕ್ಕೆ ತಮ್ಮ ಕ್ಯಾಮೆರಾವೇ ಸಾಕ್ಷಿ. ರಾತ್ರಿ ಹೊತ್ತು ಫೋನ್ ಸದ್ದಾದರೆ ನನಗೆ ಈಗ ಮೊದಲು ನೆನಪಾಗುವುದು ಆ ಬೆಳ್ಳಿ ಬಣ್ಣದ ಕಾರು.

ಹಾಗಾಗಿ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಬಿ ರಿಜಿಸ್ಟರ್ ತಮ್ಮ ಕಚೇರಿಯ ಕಪಾಟಿನಲ್ಲೇ ಇದೆ. ಚೆಸಿಯ ಪೆನ್ಸಿಲ್ ಅಚ್ಚೂ ತಮ್ಮ ಫೈಲಿನಲ್ಲೇ ಇದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಸ್ಕೂಟರನ್ನು ನನ್ನ ಹೆಸರಿಗೆ, ಕಾರನ್ನು ಅವರ ಹೆಸರಿಗೆ ಹಾಕಿ. ಮೇಲಿನವರ ಅನುಮತಿ ಬೇಕಾದರೆ ತಾವೇ ತರಿಸಿಕೊಳ್ಳಿ, ದಯವಿಟ್ಟು ಮತ್ತೆ ನನ್ನ ಕೈಯಲ್ಲಿ ಅರ್ಜಿ ಬರೆಸಬೇಡಿ. ಎಷ್ಟು ದಿನದಲ್ಲಿ ಆಗುತ್ತದೆ ಅಂತ ಒಂದು ತಾರೀಖು ಬರೆದು ಕೊಡಿ. ಆ ಕಾರು ಮೊದಲಿನಿಂದಲೂ ನನ್ನದಾಗಿರಲಿಲ್ಲ ಅಂತ ಆದೇಶದಲ್ಲಿ ಒಂದು ಸಾಲು ಇರಲಿ. ಇವತ್ತಿನಿಂದ ಅಲ್ಲ, ಮೊದಲಿನಿಂದಲೂ. ಕಟ್ಟಿದ ಆ ಮೂರು ಚಲನ್ ಮುಂದೆ ನನ್ನ ವಿರುದ್ಧದ ಸಾಕ್ಷಿ ಆಗಬಾರದು.

ನವೀಕರಣದ ಶುಲ್ಕವನ್ನು ನಾನು 2024ರ ಆಗಸ್ಟ್‌ನಲ್ಲಿ ಬಂದ ದಿನದ ಲೆಕ್ಕಕ್ಕೆ ಕಟ್ಟುತ್ತೇನೆ. ಒಂದು ತಿಂಗಳ ತಡ ನನ್ನದು, ಅದಕ್ಕೆ 300 ಸೇರಿಸಿಯೇ ಕಟ್ಟುತ್ತೇನೆ. ಉಳಿದ ತಿಂಗಳುಗಳ ತಡ ನನ್ನದಲ್ಲ. ಆಹಾರ ಇಲಾಖೆಗೆ ತಮ್ಮ ಕಚೇರಿಯಿಂದಲೇ ಒಂದು ಪತ್ರ ಹೋಗಲಿ. ತಪ್ಪು ಮಾಹಿತಿ ಅಲ್ಲಿಗೆ ತಲುಪಿದ ದಾರಿಯಲ್ಲೇ ಸರಿ ಮಾಹಿತಿಯೂ ತಲುಪಲಿ.

ಇನ್ನೊಂದು ಮಾತು ನನ್ನೊಬ್ಬನದಲ್ಲ. ಹಳೇ ಪುಸ್ತಕದಿಂದ ಏರಿಸಿದ ಗಾಡಿಗಳ ಮಾಲೀಕರಿಗೆಲ್ಲ ಒಂದು ಸಂದೇಶ ಕಳಿಸಿ: ನಿಮ್ಮ ಹೆಸರಿನಲ್ಲಿ ಇಂಥ ಗಾಡಿ ಇದೆ, ಸರಿಯೇ? ದಂಡದ ಸಂದೇಶ ಅಷ್ಟು ಚೆನ್ನಾಗಿ ತಲುಪುತ್ತದೆ, ಇದೂ ತಲುಪುತ್ತದೆ. ದಾಖಲೆ ತಿದ್ದುಪಡಿಯನ್ನೂ ಸಕಾಲಕ್ಕೆ ಸೇರಿಸಲು ಮೇಲಿನವರಿಗೆ ಬರೆಯಿರಿ. ತಿಂಗಳಿಗೊಂದು ದಿನ ತಾಲೂಕಿನಲ್ಲೇ ಕೂತು ಇಂಥ ತಪ್ಪು ನೋಡಿದರೆ ಇನ್ನೂ ಒಳ್ಳೆಯದು. ನನ್ನ ಅಂಗಡಿಗೆ ಬರುವವರಲ್ಲೇ ಇಬ್ಬರ ಆರ್‌ಸಿಯಲ್ಲಿ ತಂದೆಯ ಹೆಸರು ತಪ್ಪಿದೆ. ದಿನದ ದುಡಿಮೆ ಬಿಟ್ಟು ಯಾರು ಹೋಗುತ್ತಾರೆ ಅಂತ ಸುಮ್ನೆ ಇದ್ದಾರೆ. ಅವರಿಗೆ ಇನ್ನೂ ಯಾವ ಕಾರಿನ ಚಲನ್ನೂ ಬಂದಿಲ್ಲ, ಅಷ್ಟೇ.

ಬಿ ಎಕ್ಸ್‌ಟ್ರಾಕ್ಟ್, ಹಳೇ ಆರ್‌ಸಿ ಪುಸ್ತಕ, ಮೂರು ಚಲನ್, ಐದು ಅರ್ಜಿಗಳ ಸ್ವೀಕೃತಿ, ತೋಟದವರು ತಾವಾಗಿಯೇ ಬರೆದುಕೊಟ್ಟ ಒಪ್ಪಿಗೆ ಪತ್ರ ಎಲ್ಲ ಒಂದು ಬಟ್ಟೆ ಚೀಲದಲ್ಲಿ ಹಾಕಿ ಅಂಗಡಿಯ ಗೋಡೆಗೆ ನೇತುಹಾಕಿದ್ದೇನೆ. ತಾವು ಯಾವ ದಿನ ಕರೆದರೂ ಅದನ್ನು ತಗೊಂಡು ಬರುತ್ತೇನೆ. ಮೇ, ಜೂನ್ ಮಾತ್ರ ಬೇಡ, ಯೂನಿಫಾರ್ಮ್ ಇರುತ್ತದೆ. ಗಾಡಿಯನ್ನು ಮತ್ತೆ ನೋಡಬೇಕು ಅನಿಸಿದರೆ ಈ ಸಲ ತಾವೇ ಈ ಕಡೆ ಬನ್ನಿ. ಹೆದ್ದಾರಿಯಲ್ಲಿ ಬರುವಾಗ ಎಡಕ್ಕೋ ಬಲಕ್ಕೋ ಎಲ್ಲಿ ಸಿಗುತ್ತದೆ ಅಂತ ಅರ್ಜಿಯಲ್ಲಿ ಬರೆದಿದ್ದೇನೆ. ಹಿಂದಿನ ಮಾಡಿನ ಕೆಳಗೆ, ಪರದೆ ಬಟ್ಟೆ ಸರಿಸಿದರೆ ಕಾಣುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಗಂಗಾವಳಿ ದಂಡೆಯ ಒಬ್ಬ ದರ್ಜಿ
ಜನವರಿ 2026